ಅಮ್ಮಾಳಕ್ಕನಿಗೆ ಬಿದ್ದ ಅಳುವ ಮುಖ

ಅಮ್ಮಾಳಕ್ಕನ ನೆನಪಾದರೆ ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ. ನನ್ನ ಸ್ವಭಾವವೇ ಅಂಥದ್ದು, ಏನು ಮಾಡಲಿ? ವಯನಾಡಿನ ಕಲ್ಲೂರಿನಲ್ಲಿ ಮೈಸೂರು ರಸ್ತೆಯ ಬದಿಗೆ ಚಾಯದ ಅಂಗಡಿ ಇಟ್ಟುಕೊಂಡು ಬದುಕಿದವಳು ನಾನು, ಯಶೋದ. ಲಾರಿಯವರು, ತೋಟದವರು, ಬತ್ತೇರಿ ಪೇಟೆಯಿಂದ ಬರುವ ಆಫೀಸಿನವರು, ಎಲ್ಲರಿಗೂ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಜೋರಾಗಿದೆ. ಅಮ್ಮಾಳಕ್ಕ ನನ್ನ ಗಂಡ ಸುಕುಮಾರನ್‌ಗೆ ಒಡಹುಟ್ಟಿದ ಅಕ್ಕ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತು ಉಂಡೆವು. ನಾನು ಒಂದು ಬೆಳಗಿನಲ್ಲಿ ಆಡಿ ಮುಗಿಸುವ ಮಾತನ್ನು ಅವಳು ತಿಂಗಳಿಡೀ ಹಂಚಿಕೊಂಡು ಆಡುತ್ತಿದ್ದಳು.

ನಮ್ಮವರು ಯಾವ ಕಾಲದಲ್ಲೋ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮಲಯಾಳ. ಈಗ ನಾನು ಹೇಳುವ ಮಾತುಗಳಲ್ಲೂ ಅರ್ಧಕ್ಕರ್ಧ ಮಲಯಾಳದಲ್ಲಿ ಆಡಿದ್ದೇ. ನನ್ನ ಬಾಯಿಗೆ ಬಂದ ಹಾಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅಮ್ಮಾಳಕ್ಕ ತನ್ನ ಟ್ರಂಕಿನ ಸಮೇತ ತವರಿಗೆ ವಾಪಸು ಬಂದಾಗಿತ್ತು. ಮುಳ್ಳನ್ಕೊಲ್ಲಿಯಲ್ಲಿ ಮೆಣಸು, ಕಾಫಿ ಬೆಳೆಯುವ ಒಳ್ಳೆಯ ಮನೆಗೆ ಅವಳನ್ನು ಕೊಟ್ಟಿದ್ದರಂತೆ. ಯಾಕೆ ಬಂದಳು ಅಂತ ಯಾರೂ ಹೇಳಲಿಲ್ಲ. ನಾನೂ ಹೊಸ ಸೊಸೆ, ಆಗ ಇನ್ನೂ ಬಾಯಿ ಬಂದಿರಲಿಲ್ಲ, ಕೇಳಲಿಲ್ಲ. ಆ ಟ್ರಂಕಿನ ಬಾಯಿಗೆ ಅವಳು ಬೀಗ ಹಾಕುತ್ತಿರಲಿಲ್ಲ. ಆದರೆ ಅದನ್ನು ತೆರೆದದ್ದನ್ನೂ ನಾನು ಕಂಡಿರಲಿಲ್ಲ.

ನಮ್ಮೂರಿನ ಮೇಲ್ಗಡೆ ಒಂದು ಕಾಫಿ ತೋಟವಿದೆ. ಹೆಸರು ಬೇಡ ಬಿಡಿ. ಕೆಲಸಕ್ಕೆ ಬರುವ ಹೆಂಗಸರ ಎಳೆ ಮಕ್ಕಳನ್ನು ನೋಡಿಕೊಳ್ಳಲು ತೋಟದಲ್ಲೇ ಒಂದು ಜಾಗ ಇರಬೇಕು ಅಂತ ಸರಕಾರದ ಕಾನೂನು. ಅದಕ್ಕೆ ತೋಟದವರು ಒಂದು ಹಳೆಯ ಗೋದಾಮಿಗೆ ಸುಣ್ಣ ಹೊಡೆಸಿ, ಜಂತಿಗೆ ಸೀರೆಯ ಜೋಲಿಗಳನ್ನು ಕಟ್ಟಿಸಿ ಮಕ್ಕಳ ಮನೆ ಮಾಡಿದರು. ಆಯಾ ಕೆಲಸಕ್ಕೆ ಅಮ್ಮಾಳಕ್ಕನನ್ನು ಕರೆದರು. ಅವಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಮಾರನೆಯ ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಹೊರಟುಬಿಟ್ಟಳು. ಹಾಗೆ ಹೋದವಳು ಒಂದು ತಲೆಮಾರಿನ ಮಕ್ಕಳನ್ನು ಎತ್ತಿ ಆಡಿಸಿದಳು.

ಬೆಳಿಗ್ಗೆ ಮಂಜು ಕರಗುವ ಮೊದಲೇ ತಾಯಂದಿರು ಮಕ್ಕಳನ್ನು ತಂದು ಬಿಡುತ್ತಿದ್ದರು. ಅಮ್ಮಾಳಕ್ಕ ಮಾಡುತ್ತಿದ್ದ ಮೊದಲ ಕೆಲಸ ಕಾಡಿಗೆ ಡಬ್ಬಿ ತೆರೆಯುವುದು. ಹರಳೆಣ್ಣೆ ದೀಪದ ಮಸಿ ಹಿಡಿದು ತಾನೇ ಮಾಡಿದ ಕಾಡಿಗೆ. ಒಂದೊಂದು ಮಗುವಿನ ಕೆನ್ನೆಗೂ ಹುಣಸೆಬೀಜದ ಗಾತ್ರದ ಬೊಟ್ಟು. ಬೊಟ್ಟು ಮುಗಿದ ಮೇಲೆ ಬೈಗುಳ. "ಬಾರೋ ಮೂಳ. ಬಾರೇ ಒಣಕಲು ಕಡ್ಡಿ. ನಿಂಗೆ ಯಾರೇ ಅನ್ನ ಹಾಕ್ತಾರೆ, ಕಪ್ಪೆ ಮುಖದೋಳೇ!" ಮನೆಯಲ್ಲಿ ಮಾತೇ ಆಡದ ಹೆಂಗಸು ಅಲ್ಲಿ ಹೀಗೆ ಬೈಯುತ್ತಿದ್ದಳು. ಮಕ್ಕಳು ಕೇಕೆ ಹಾಕಿ ನಗುತ್ತಿದ್ದವು, ಅವಳ ಸೆರಗು ಹಿಡಿದು ಜಗ್ಗುತ್ತಿದ್ದವು.

ಸಂಜೆ ಇನ್ನೂ ಚೆಂದ. ಕಾಫಿ ಹಣ್ಣಿನ ಚೀಲ ತೂಕಕ್ಕೆ ಹಾಕಿ ತಾಯಿ ಬಂದು ಕೇಳುವಳು, "ಏನಕ್ಕಾ, ತಿಂತಾ ಇವತ್ತು?" ಎರಡು ಬಟ್ಟಲು ರಾಗಿ ಸರಿ ನೆಕ್ಕಿ ಬಟ್ಟಲನ್ನೂ ಕಚ್ಚಿದ ಮಗುವನ್ನು ಕೈಗೆ ಕೊಡುತ್ತಾ ಅಮ್ಮಾಳಕ್ಕ ಹೇಳುವಳು, "ಎಲ್ಲಿ ತಿಂತದೆ? ಒಂದು ತುತ್ತೂ ಇಳೀಲಿಲ್ಲ. ದಿನ ಪೂರ್ತಿ ಅಳು." ತಾಯಿಯೂ ಮಗುವಿನ ದುಂಡು ತೊಡೆಯನ್ನು ಸವರುತ್ತಾ, "ಇದು ಇಷ್ಟೇ ಬಿಡಿ ಅಕ್ಕಾ, ಬರೀ ಮೂಳೆ" ಅನ್ನುವಳು. ಇಬ್ಬರೂ ನಗು ನುಂಗಿಕೊಳ್ಳುವರು. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಗು ಚೆನ್ನಾಗಿದೆ, ಗುಂಡಗಿದೆ, ಚೆನ್ನಾಗಿ ತಿನ್ನುತ್ತದೆ ಅಂತ ಹೆತ್ತವಳು ಬಾಯಿಬಿಟ್ಟು ಹೇಳುವುದಿಲ್ಲ, ಸಾಕಿದವಳೂ ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. ಕಾಡಿನ ಹಾಡಿಯವರಿರಲಿ, ನಮ್ಮಂಥ ಗದ್ದೆಯವರಿರಲಿ, ಈ ವಿಷಯದಲ್ಲಿ ಎಲ್ಲ ತಾಯಂದಿರದೂ ಒಂದೇ ಜಾತಿ.

ಆದರೂ ಅಮ್ಮಾಳಕ್ಕನದು ಅತಿಯಾಯಿತು ಅಂತ ನನಗೆ ಅನಿಸುತ್ತಿತ್ತು. ಒಂದು ದಿನ ನಾನೇ ರೇಗಿದೆ. "ಅಲ್ಲಕ್ಕಾ, ಬೊಟ್ಟು ಇಡು, ಬೇಡ ಅನ್ನಲ್ಲ. ಆ ಹಸುಗೂಸುಗಳನ್ನ ಹಂಗೆ ಬಾಯಿಗೆ ಬಂದಂಗೆ ಬೈಯೋದಾ?" ಆಗ ಅವಳು ಕಾಡಿಗೆ ಡಬ್ಬಿಯ ಮುಚ್ಚಳ ಹಾಕಿ ತನ್ನ ಕಥೆ ಹೇಳಿದಳು. ಜೀವಮಾನದಲ್ಲಿ ಒಂದೇ ಸಲ ಹೇಳಿದ್ದು.

ಮುಳ್ಳನ್ಕೊಲ್ಲಿಯಲ್ಲಿ ಅವಳಿಗೊಂದು ಗಂಡು ಮಗು ಹುಟ್ಟಿತ್ತು. ಅಂಬೆಗಾಲಿಡುವ ವಯಸ್ಸಿಗೆ ಬೆಳ್ಳಿಯ ಉಡಿದಾರ ತರೋಣ ಅಂತ ಮಗುವನ್ನು ಎತ್ತಿಕೊಂಡು ಬತ್ತೇರಿಗೆ ಹೋಗಿದ್ದಳು. ಅಳತೆ ತೆಗೆಯುವಾಗ ಅಂಗಡಿಯವನು, "ಏನಮ್ಮಾ, ಉಡಿದಾರವೇ ಸಾಲ್ತಿಲ್ಲ! ಇವನಿಗೆ ಕಾಯಿಲೆ ಗೀಯಿಲೆ ಬರೋದೇ ಇಲ್ವಾ?" ಅಂದ. ಅವಳಿಗೆ ಹೆಮ್ಮೆ. ವಯಸ್ಸಾದರೂ ಎಷ್ಟು ಆಗ? "ಹುಟ್ಟಿದಾಗಿಂದ ಒಂದು ದಿನ ಮೈ ಬಿಸಿಯಾಗಿಲ್ಲ. ಎಷ್ಟು ಕೊಟ್ರೂ ತಿಂತಾನೆ" ಅಂದುಬಿಟ್ಟಳು. ಅಂಗಡಿ ತುಂಬ ಜನ ತಿರುಗಿ ನೋಡಿದರು. ದೊಡ್ಡ ಅಳತೆಯದೊಂದು ಉಡಿದಾರ ಕೊಂಡು ಮನೆಗೆ ಬಂದಳು. ಅದೇ ವಾರ ಮಗುವಿಗೆ ಜ್ವರ ಹಿಡಿಯಿತು, ಉಳಿಯಲಿಲ್ಲ. "ನಿನ್ನ ಬಾಯಿಂದಲೇ ಹೋಯ್ತಲ್ಲೇ" ಅಂತ ಅತ್ತೆ ಅಂದಳು. ಗಂಡ ಏನೂ ಅನ್ನಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲವಂತೆ.

"ಜ್ವರಕ್ಕೂ ಮಾತಿಗೂ ಏನಕ್ಕಾ ಸಂಬಂಧ?" ಅಂದೆ ನಾನು.

"ಇಲ್ಲ ಅಂತ ನಂಗೂ ಹೇಳ್ತಾರೆ. ಆದ್ರೆ ನಾನು ಹೇಳಿದ್ದು ಹೌದಲ್ವಾ?" ಅಂದಳು.

ಅವಳ ಮಕ್ಕಳಲ್ಲೆಲ್ಲ ಒಂದು ಮಗುವಿನ ಮೇಲೆ ಜೀವ ತುಸು ಹೆಚ್ಚು. ಮುತ್ತಂಗ ಕಾಡಿನ ಹಾಡಿಯಿಂದ ಕೂಲಿಗೆ ಬರುತ್ತಿದ್ದ ಸೀತಳ ಮಗ, ಕೇತನ್. ಹುಟ್ಟಿದಾಗ ಅಂಗೈಯಷ್ಟಿದ್ದ. ಸೀತಳಿಗೆ ಹಾಲಿಲ್ಲ, ಗಂಡನೂ ಇಲ್ಲ. ಮಗುವನ್ನು ಜೋಲಿಯಲ್ಲಿ ಹಾಕುವಾಗ ಸಂಜೆಗೆ ಇದು ಇರುತ್ತದೋ ಇಲ್ಲವೋ ಅಂತ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಅಮ್ಮಾಳಕ್ಕ ಆ ಮಗುವನ್ನು ಜೋಲಿಗೆ ಹಾಕಲೇ ಇಲ್ಲ. ಎದೆಗೆ ಕಟ್ಟಿಕೊಂಡು, ಬತ್ತಿಯ ತುದಿಯಿಂದ ಹನಿ ಹನಿ ಹಾಲಿಳಿಸಿ ಬದುಕಿಸಿದಳು. ಎರಡು ವರ್ಷ ತುಂಬುವ ಹೊತ್ತಿಗೆ ಕೇತನ್ ಎತ್ತಿದರೆ ಸೊಂಟ ನೋಯುವಷ್ಟಾಗಿದ್ದ. ಅವಳು ಅವನನ್ನು ಕರೆಯುತ್ತಿದ್ದುದು "ಇಲಿಮರಿ" ಅಂತ.

ಹೀಗಿರುವಾಗ ಬಂದಳು ಶ್ಯಾಮಳ ಟೀಚರ್. ಟೀಚರ್ ಏನಲ್ಲ, ಓದಿದ ಹೆಂಗಸರನ್ನೆಲ್ಲ ನಮ್ಮ ಕಡೆ ಹಾಗೆ ಕರೆಯುತ್ತೇವೆ. ಆಗ ವಯನಾಡು ಜಿಲ್ಲೆಯಾಗಿ ಇನ್ನೂ ಹೊಸತು. ಕಲ್ಪೆಟ್ಟದಲ್ಲಿ ದಿನಕ್ಕೊಂದು ಕಚೇರಿ, ದಿನಕ್ಕೊಂದು ಬೋರ್ಡು. ಎಲ್ಲರಿಗೂ ನಮ್ಮ ಬಗ್ಗೆ ಏನಾದರೊಂದು ತಿಳಿದುಕೊಳ್ಳುವ ಆತುರ. ಎಷ್ಟು ಹಸು, ಎಷ್ಟು ಬಾವಿ ಅಂತ ಕೇಳುವವರು ಬಂದು ಹೋಗಿದ್ದರು. ಇವಳು ಬಂದದ್ದು ಮನಸ್ಸಿನಲ್ಲಿ ಏನಿದೆ ಅಂತ ಕೇಳಲು.

ಕೋಳಿಕ್ಕೋಡಿನ ಹುಡುಗಿ. ತೆಳ್ಳಗೆ, ಕನ್ನಡಕ, ಹೆಗಲಿಗೆ ಚೀಲ. ಮಧ್ಯಾಹ್ನದ ಊಟ ನನ್ನ ಅಂಗಡಿಯಲ್ಲೇ. ಮೊದಲು ಯಾವುದೋ ಸಾಬೂನು ಕಂಪನಿಗಾಗಿ ಊರೂರು ತಿರುಗಿ, ಹೆಂಗಸರು ಒಂದು ಸಾಬೂನು ಬಿಟ್ಟು ಇನ್ನೊಂದನ್ನು ಯಾಕೆ ಕೊಳ್ಳುತ್ತಾರೆ ಅಂತ ಕೇಳುತ್ತಿದ್ದಳಂತೆ. ಈಗ ತೋಟದ ಕಂಪನಿಯವರು ಕಳಿಸಿದ್ದರು. ಅವರಿಗೆ ಬೇರೆ ಬೇರೆ ಕಡೆ ತೋಟಗಳು. ಕೊಯ್ಲಿನ ಹೊತ್ತಿಗೆ ಆಳುಗಳು ಕೆಲಸ ಬಿಟ್ಟು ಕೊಡಗಿನ ಕಡೆ ಹೋಗಿಬಿಡುತ್ತಾರೆ. ಯಾಕೆ ಹೋಗುತ್ತಾರೆ? ಯಾವುದು ಅವರನ್ನು ಹಿಡಿದಿಡುತ್ತದೆ, ಯಾವುದು ಓಡಿಸುತ್ತದೆ? ಅದನ್ನು ಕಂಡುಹಿಡಿಯುವುದೇ ಅವಳ ಸಂಶೋಧನೆ.

"ಚೇಚಿ, ಎದುರುಗಡೆ ಅಂಗಡಿ ಬಿಟ್ಟು ಜನ ನಿಮ್ಮಲ್ಲಿಗೇ ಯಾಕೆ ಬರ್ತಾರೆ?" ಅಂತ ನನ್ನನ್ನೂ ಕೇಳಿದಳು. ಚೇಚಿ ಅಂದರೆ ಅಕ್ಕ.

"ಅಲ್ಲಿ ಬೈಯೋಕೆ ಹೆಂಗಸಿಲ್ಲ ಟೀಚರೇ. ಗಂಡಸ್ರಿಗೆ ಬೈಸ್ಕೊಳ್ದೆ ಚಾಯ ಇಳಿಯಲ್ಲ."

ಅವಳು ನಕ್ಕಳು. "ವ್ಯಾಪಾರ ಹೇಗಿದೆ?"

"ಎಲ್ಲಿ ವ್ಯಾಪಾರ? ಒಲೆಗೆ ಹಾಕಿದ ಸೌದೆಗೂ ಸಾಲಲ್ಲ" ಅಂದೆ. ಅವಳು ತುಂಬಿದ ಬೆಂಚುಗಳನ್ನು ನೋಡಿದಳು, ನಿಂತುಕೊಂಡೇ ಪುಟ್ಟು ತಿನ್ನುತ್ತಿದ್ದವರನ್ನು ನೋಡಿದಳು, ಮತ್ತೆ ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ಒಳ್ಳೆಯ ಹುಡುಗಿ. ಅದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಕಾಫಿ ಒಣಗಿಸುವ ಕಣದ ಮೂಲೆಗೆ ಒಂದು ಮೇಜು ಹಾಕಿಕೊಂಡು ಅವಳು ಕೂತಳು. ಓದು ಬರದವರಿಗಾಗಿ ಒಂದು ರಟ್ಟು ಮಾಡಿಸಿದ್ದಳು. ಅದರ ಮೇಲೆ ಸಾಲಾಗಿ ದುಂಡು ಮುಖಗಳು. ಈ ತುದಿಯಲ್ಲಿ ಹಲ್ಲು ಕಿರಿದು ನಗುವ ಮುಖ, ಆ ತುದಿಯಲ್ಲಿ ಕಣ್ಣೀರು ಸುರಿಸುವ ಮುಖ, ನಡುವೆ ಇದೂ ಅಲ್ಲದ ಅದೂ ಅಲ್ಲದ ಮುಖಗಳು. ಅವಳು ಕೇಳುವುದು, ಇವರು ಬೆರಳಿಡುವುದು. ಕೂಲಿ ಹೇಗೆ? ನೀರು ಹೇಗೆ? ತೂಕ ಹೇಗೆ? ಮೇಸ್ತ್ರಿ ಹೇಗೆ? ಮಕ್ಕಳ ಮನೆಯಲ್ಲಿ ನಿಮ್ಮ ಮಗು ಹೇಗಿದೆ, ತಿನ್ನುತ್ತದಾ, ನಗುತ್ತದಾ, ಮೈ ಹಿಡಿದಿದೆಯಾ?

ಹೆಂಗಸರು ಮೇಜಿನ ಮುಂದೆ ಬಂದು ಒಬ್ಬರನ್ನೊಬ್ಬರು ನೋಡಿಕೊಂಡರು. ತೋಟದಲ್ಲಿ ಹಣ್ಣಿನ ಚೀಲ ತೂಗುವ ಚಾತು ಅಲ್ಲೇ ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಚೀಲಕ್ಕೆ ಇಷ್ಟು ಅಂತ ಕಡಿಮೆ ತೋರಿಸಿ ಅವರ ಬೆವರನ್ನು ತಿಂದವನು. ಅವನೆದುರು ಇನ್ನೇನು ಮಾಡುತ್ತಾರೆ? ತೂಕದ ಪ್ರಶ್ನೆ ಬಂದಾಗ ಎಲ್ಲರೂ ನಗುವ ಮುಖಕ್ಕೆ ಬೆರಳಿಟ್ಟರು. ಮಗುವಿನ ಪ್ರಶ್ನೆ ಬಂದಾಗ ಗುರುತಿಲ್ಲದ ಹುಡುಗಿಯ ಎದುರು, ಅಷ್ಟು ಜನರ ನಡುವೆ, ಎಲ್ಲರೂ ಅಳುವ ಮುಖಕ್ಕೆ ಬೆರಳಿಟ್ಟರು. "ತಿನ್ನಲ್ಲ ಟೀಚರೇ." "ದಿನಾ ಅಳು." "ನೋಡೋಕಾಗಲ್ಲ, ಬರೀ ಕಡ್ಡಿ." ಮಗುವನ್ನು ಕಾಪಾಡಿಕೊಂಡ ಸಮಾಧಾನದಲ್ಲಿ ಎದ್ದು ಕೆಲಸಕ್ಕೆ ಹೋದರು. ಶ್ಯಾಮಳ ಟೀಚರ್ ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ಬರೆದುಕೊಂಡಳು.

ಚಾತುವಿಗೆ ನಗುವ ಮುಖ, ನಮ್ಮ ಅಮ್ಮಾಳಕ್ಕನಿಗೆ ಅಳುವ ಮುಖ! ಹೇಳಿ, ಹೊಟ್ಟೆ ಉರಿಯುವುದಿಲ್ಲವೇ?

ಕೆಲವು ವಾರ ಕಳೆದ ಮೇಲೆ ತೋಟದ ಮ್ಯಾನೇಜರ್ ಅವಳನ್ನು ಆಫೀಸಿಗೆ ಕರೆಸಿದ. ಕೂಗಾಡುವ ಮನುಷ್ಯನಲ್ಲ ಅವನು. "ಅಮ್ಮಾಳು, ನಿನಗೂ ವಯಸ್ಸಾಯ್ತು. ತಾಯಂದಿರೆಲ್ಲ ಮಕ್ಕಳ ಮನೆ ವಿಷಯದಲ್ಲಿ ತುಂಬ ನೊಂದಿದ್ದಾರೆ. ಅದೇ ಕಾರಣಕ್ಕೆ ಕೆಲಸ ಬಿಟ್ಟು ಹೋಗ್ತಿದ್ದಾರೆ ಅಂತ ಕಂಪನಿಯವರು ಹೇಳ್ತಾರೆ. ಟ್ರೈನಿಂಗ್ ಆದ ಆಯಾ ಬರ್ತಾಳೆ. ಅವಳು ಬರೋವರೆಗೆ ಮಕ್ಕಳನ್ನ ನೋಡ್ಕೋ, ಆಮೇಲೆ ವಿಶ್ರಾಂತಿ ತಗೋ" ಅಂದನಂತೆ. ಅವಳು "ಶೆರಿ ಸಾರ್" ಅಂತ ಹೇಳಿ ಬಂದಳು. ಮನೆಗೆ ಬಂದು ಕೈಕಾಲು ತೊಳೆದು ಅನ್ನಕ್ಕೆ ನೀರಿಟ್ಟಳು. ನೀರು ಕುದಿದು ಬತ್ತಿ ಪಾತ್ರೆ ಸೀದ ವಾಸನೆ ಅಂಗಡಿಗೆ ಬಂದಾಗ ನಾನು ಒಳಗೆ ಓಡಿದೆ. ಒಲೆಯ ಮುಂದೆಯೇ ಕೂತಿದ್ದಳು.

"ಎಲ್ಲರೂ ಹಂಗೇ ಹೇಳಿದ್ರಂತೆ ಯಶೋದಾ. ಒಬ್ಬರೂ ಬಿಡದೆ."

"ಅವರು ಹೇಳಿದ್ದು ಯಾಕೆ ಅಂತ ನಿಂಗೆ ಗೊತ್ತಿಲ್ವಾ ಅಕ್ಕಾ? ನೀನೇ ದಿನಾ ಹೇಳೋ ಮಾತಲ್ವಾ ಅದು?"

"ಗೊತ್ತು" ಅಂದಳು. ಸೀದ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಾ, "ಆದ್ರೂ ಒಬ್ಬಳಾದ್ರೂ ನಿಜವಾಗ್ಲೂ ಹಂಗೇ ಅನ್ಕೊಂಡಿದ್ರೆ?" ಅಂದಳು. ತನ್ನ ಕೈಯಲ್ಲಿ ಮಕ್ಕಳು ಚೆನ್ನಾಗಿ ಬೆಳೆದವು ಅನ್ನುವುದೊಂದೇ ಆ ಜೀವಕ್ಕಿದ್ದ ಆಸ್ತಿ. ಅದನ್ನು ಅವಳಿಗೆ ಯಾರೂ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ.

ಸುದ್ದಿ ಕೇಳಿ ಹೆಂಗಸರು ಸಂಜೆ ಅಂಗಡಿಯ ಮುಂದೆ ಸೇರಿದರು. ಅಳುವವರು, ಎದೆ ಬಡಿದುಕೊಳ್ಳುವವರು. ನನಗೆ ಮೈಯೆಲ್ಲ ಉರಿಯಿತು. "ಇಲ್ಲಿ ಬಂದು ಅಳ್ಬೇಡಿ. ಆ ಮ್ಯಾನೇಜರ್ ಹತ್ರ ಹೋಗಿ ಹೇಳಿ, ನಮ್ಮ ಮಕ್ಕಳು ಚೆನ್ನಾಗಿದ್ದಾವೆ, ದುಂಡಗಿದ್ದಾವೆ ಅಂತ. ಅಷ್ಟು ಹೇಳೋಕೆ ಏನು ದಾಡಿ ನಿಮ್ಗೆ?" ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೇ ಒಬ್ಬಳು ಮಗುವಿನ ತಲೆಯನ್ನು ಸೆರಗಿನಿಂದ ಮುಚ್ಚಿದಳು. ಹಿಂದಿನಿಂದ ಸೀತ ಮುಂದೆ ಬಂದಳು. ಅವಳು ಮೆಲ್ಲಗೆ ಮಾತಾಡುವವಳು. "ನಾನ್ ಹೇಳ್ತೀನಿ" ಅಂದಳು. "ನನ್ ಮಗ ಇರೋದೇ ಅಕ್ಕನಿಂದ. ನಾನ್ ಹೇಳ್ತೀನಿ."

ಶ್ಯಾಮಳ ಟೀಚರ್ ಅದೇ ವಾರ ಏನೋ ಉಳಿದ ಕೆಲಸಕ್ಕೆ ಕಲ್ಲೂರಿಗೆ ಬಂದಳು. ಊಟದ ಎಲೆ ಹಾಕುವ ಮೊದಲೇ ನಾನು ಅವಳಿಗೆ ಮಂಗಳಾರತಿ ಎತ್ತಿದೆ. ಏನು ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ. "ಚೇಚಿ, ತಾಯಂದಿರು ತಮ್ಮ ಮಕ್ಕಳ ಬಗ್ಗೆ ಯಾಕೆ ಸುಳ್ಳು ಹೇಳ್ತಾರೆ?" ಅಂದಳು.

"ಟೀಚರೇ, ಅವತ್ತು ನಿಮ್ಗೆ ನಾನು ವ್ಯಾಪಾರ ಇಲ್ಲ ಅಂದೆ. ನೀವ್ಯಾಕೆ ನಕ್ಕಿರಿ?"

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಊಟ ಮಾಡದೆ ಎದ್ದು ಹೋದಳು. ಮಾರನೆಯ ಮಧ್ಯಾಹ್ನ ಮ್ಯಾನೇಜರನನ್ನು ಕರೆದುಕೊಂಡು ಮಕ್ಕಳ ಮನೆಗೆ ಬಂದಳು. ನನಗೆ ಮೊದಲೇ ಹೇಳಿ ಕಳಿಸಿದ್ದರಿಂದ ನಾನೂ ಅಂಗಡಿಯನ್ನು ಸುಕುಮಾರನ್‌ಗೆ ಬಿಟ್ಟು ಹೋಗಿದ್ದೆ. ಕೆಲಸದ ನಡುವೆಯೇ ಹೆಂಗಸರು ಓಡಿಬಂದು ಬಾಗಿಲಲ್ಲಿ ನಿಂತಿದ್ದರು.

ಆಗಷ್ಟೇ ಮಕ್ಕಳದು ಊಟವಾಗಿತ್ತು. ಕೆನ್ನೆಯ ಕಾಡಿಗೆಗೆ ರಾಗಿ ಮೆತ್ತಿಕೊಂಡು ಕೆಲವು ಚಾಪೆಯ ಮೇಲೆ ಉರುಳುತ್ತಿದ್ದವು. ಕೇತನ್ ಅಮ್ಮಾಳಕ್ಕನ ಬೆನ್ನಿಗೆ ಜೋತು ಬಿದ್ದು ಅವಳ ಜಡೆ ಎಳೆಯುತ್ತಿದ್ದ. ಕಣ್ಣಿದ್ದವರಿಗೆ ಮಾತೇ ಬೇಡ ಅನ್ನಿಸುವಂತಿತ್ತು. ಆದರೆ ಮ್ಯಾನೇಜರನಿಗೆ ಮಾತು ಬೇಕಿತ್ತು. ಮಾತು ಬದಲಾದರೆ ಮೇಲಿನವರಿಗೆ ಬರೆಯಬಹುದು ಅಂದ.

ಸೀತ ಮುಂದೆ ಬಂದಳು. "ಸಾರ್, ನನ್ ಮಗ..." ಅಂತ ಬಾಯಿ ತೆರೆದಳು. ಅಮ್ಮಾಳಕ್ಕ ಎದ್ದದ್ದನ್ನು ನಾನು ಕಾಣಲೇ ಇಲ್ಲ. ಬೆನ್ನಿನ ಮಗುವಿನ ಸಮೇತ ಹಾರಿ ಬಂದು ಸೀತಳ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

"ಬೇಡ ಕಣೇ. ನನ್ನಾಣೆ. ಕೆಲಸ ಹೋದ್ರೆ ಹೋಗ್ಲಿ, ಮಗೂನ ಹೆಸರೆತ್ತಿ ಹೇಳ್ಬೇಡ."

ಶ್ಯಾಮಳ ಟೀಚರ್ ಚೀಲದಿಂದ ಆ ರಟ್ಟನ್ನು ತೆಗೆದಳು. "ಅಮ್ಮಾಳು ಚೇಚಿ, ಯಾರೂ ಮಾತಾಡೋದು ಬೇಡ. ನಿಮ್ಮ ಕೈಯಲ್ಲಿ ಮಕ್ಕಳು ಹೇಗಿದ್ದಾರೆ ಅಂತ ನೀವೇ ಬೆರಳಿಟ್ಟು ತೋರಿಸಿ. ಅಷ್ಟು ಸಾಕು" ಅಂದಳು.

ಅಮ್ಮಾಳಕ್ಕ ರಟ್ಟನ್ನು ನೋಡಿದಳು. ನಗುವ ಮುಖ ಅವಳ ಬೆರಳಿಗೆ ಹತ್ತಿರವೇ ಇತ್ತು. ಇಡಕ್ಕಾ, ಇಡಕ್ಕಾ ಅಂತ ನಾನು ಒಳಗೊಳಗೇ ಕೂಗುತ್ತಿದ್ದೆ. ಅವಳು ತಿರುಗಿ ಚಾಪೆಯ ಮೇಲಿನ ಮಕ್ಕಳನ್ನು ಒಂದೊಂದಾಗಿ ನೋಡಿದಳು. ಬೆನ್ನಿನ ಮೇಲಿದ್ದ ಕೇತನ್‌ನ ಕಾಲನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ತನ್ನ ಕಾಡಿಗೆ ಮೆತ್ತಿದ ಬೆರಳನ್ನು ಎತ್ತಿ ಅಳುವ ಮುಖದ ಮೇಲಿಟ್ಟಳು.

"ಎಲ್ಲಿ ಚೆನ್ನಾಗಿದ್ದಾವೆ ಸಾರ್? ನೀವೇ ನೋಡ್ತಿದ್ದೀರಲ್ಲ. ಬರೀ ಮೂಳೆ" ಅಂದಳು.

ಮ್ಯಾನೇಜರ್ ಟೀಚರ್ ಕಡೆ ನೋಡಿ ಕೈ ಚೆಲ್ಲಿದ. ಇನ್ನೇನು ಬೇಕು, ಅವಳೇ ಒಪ್ಪಿಕೊಂಡಳಲ್ಲ ಅನ್ನುವ ಹಾಗೆ. ಜೀಪು ಹತ್ತಿ ಹೋದ. ರಟ್ಟಿನ ಮೇಲೆ ಅಳುವ ಮುಖದ ಕಣ್ಣಿಗೆ ಕಾಡಿಗೆ ಮೆತ್ತಿತ್ತು. ಟೀಚರ್ ಅದನ್ನು ಒರೆಸದೆ ಚೀಲದೊಳಗೆ ಹಾಕಿಕೊಂಡಳು. ಬಸ್ಸಿಗೆ ಕಾಯುವಾಗ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತಳು. "ಈಗ ನಾನು ಏನು ಬರೀಲಿ ಚೇಚಿ?" ಅಂದಳು.

"ಕಣ್ಣಲ್ಲಿ ಕಂಡದ್ದನ್ನ ಬರೀರಿ."

"ಅದನ್ನ ಬರೆಯೋಕೆ ನನ್ನ ಫಾರಮ್ಮಿನಲ್ಲಿ ಜಾಗ ಇಲ್ಲ" ಅಂದಳು. ಕೊಟ್ಟ ಚಾಯ ಹಾಗೇ ಆರಿತ್ತು. ಆಮೇಲೆ ಅವಳು ನಮ್ಮ ಕಡೆ ಬಂದದ್ದನ್ನು ನಾನು ಕಂಡಿಲ್ಲ.

ಅವತ್ತು ದಾರಿಯುದ್ದಕ್ಕೂ ನಾನು ಅಮ್ಮಾಳಕ್ಕನನ್ನು ಬೈದುಕೊಂಡೇ ಬಂದೆ. ತಲೆ ಕೆಟ್ಟಿದೆಯಾ ನಿಂಗೆ, ಬೆರಳಿಟ್ಟರೆ ಆಕಾಶ ಬೀಳ್ತಿತ್ತಾ, ಅಂತ. ಅವಳು ಕಾಡಿಗೆ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದಳು. ಮನೆ ಹತ್ತಿರ ಬಂದಾಗ ನಿಂತು ಹೇಳಿದಳು, "ಒಂದು ಸಲ ಹೇಳಿ ಕಳ್ಕೊಂಡಿದ್ದೀನಿ ಯಶೋದಾ. ಇನ್ನೊಂದು ಸಲ ಆಗಲ್ಲ ನನ್ನ ಕೈಲಿ."

ಹೊಸ ಆಯಾ ಬಂದಳು. ಬಿಳಿ ಸೀರೆ, ಶುಚಿ, ಶಿಸ್ತು. ಕೆಟ್ಟವಳೇನಲ್ಲ. ಬಂದ ದಿನವೇ 'ಕೊಳೆ' ಅಂತ ಎಲ್ಲ ಮಕ್ಕಳ ಕೆನ್ನೆಯ ಕಾಡಿಗೆಯನ್ನು ಸಾಬೂನು ಹಾಕಿ ತೊಳೆದಳು. "ಎಷ್ಟು ಮುದ್ದಾಗಿದೆ ಈ ಮಗು!" ಅಂತ ಬಾಯಿತುಂಬ ಹೊಗಳಿದಳು. ತಾಯಂದಿರ ಜೀವ ಬಾಯಿಗೆ ಬಂತು. ಮಾರನೆಯ ದಿನದಿಂದ ಅವರು ಸುತ್ತು ದಾರಿಯಾದರೂ ನಮ್ಮ ಅಂಗಡಿಯ ಮುಂದಿನಿಂದಲೇ ತೋಟಕ್ಕೆ ಹೋಗತೊಡಗಿದರು. ಅಮ್ಮಾಳಕ್ಕ ಜಗಲಿಯಲ್ಲಿ ಡಬ್ಬಿ ಹಿಡಿದು ಕೂತಿರುತ್ತಿದ್ದಳು. ಆಯಾಳ ಕಣ್ಣಿಗೆ ಬೀಳದ ಹಾಗೆ ಕಿವಿಯ ಹಿಂದೆ, ಅಂಗಾಲಿನಲ್ಲಿ ಬೊಟ್ಟು ಇಟ್ಟು, "ಹೋಗೋ ಮೂಳ" ಅಂತ ಬೈದು ಕಳಿಸುತ್ತಿದ್ದಳು. ದಿನದಲ್ಲಿ ಅಷ್ಟು ಹೊತ್ತು ಮಾತ್ರ ಅವಳ ಮುಖದಲ್ಲಿ ಬೆಳಕಿರುತ್ತಿತ್ತು. ಉಳಿದ ಹೊತ್ತು ಲೋಟ ತೊಳೆಯುವಳು. ತೊಳೆದದ್ದನ್ನೇ ತೊಳೆಯುವಳು. ನಾನು ಹಾಗೆ ಕಂಡಾಗಲೆಲ್ಲ ಬೇರೆ ಕಡೆ ತಿರುಗುತ್ತಿದ್ದೆ.

ಆಮೇಲೆ ತೋಟದವರು ಆಳುಗಳನ್ನು ಕರೆದೊಯ್ಯಲು ಟ್ರ್ಯಾಕ್ಟರ್ ಮಾಡಿದರು. ಅದೂ ಆಳುಗಳ ಮನಸ್ಸು ತಿಳಿದು ಮಾಡಿದ ಅನುಕೂಲವಂತೆ. ಹೆಂಗಸರು ಅದರಲ್ಲೇ ಹೋಗುವಂತಾಯಿತು. ಟ್ರ್ಯಾಕ್ಟರ್ ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ. ಅಮ್ಮಾಳಕ್ಕ ಕೆಲವು ದಿನ ಡಬ್ಬಿ ಹಿಡಿದು ಜಗಲಿಗೆ ಬಂದಳು, ಆಮೇಲೆ ಬರಿಗೈಯಲ್ಲಿ ಬಂದಳು, ಆಮೇಲೆ ಬರುವುದನ್ನೇ ಬಿಟ್ಟಳು.

ಮಳೆಗಾಲ ಶುರುವಾಗುವಾಗ ಅವಳಿಗೆ ಅನ್ನ ಸೇರುವುದು ನಿಂತಿತು. ಹೊಟ್ಟೆಯಲ್ಲಿ ಗಡ್ಡೆ ಅಂದರು. ಸುಕುಮಾರನ್ ಕೋಳಿಕ್ಕೋಡಿನ ದೊಡ್ಡ ಆಸ್ಪತ್ರೆಗೂ ಕರೆದುಕೊಂಡು ಹೋಗಿ ಬಂದರು. ಮನೆಯಲ್ಲೇ ನೋಡಿಕೊಳ್ಳಿ ಅಂತ ಹೇಳಿ ಕಳಿಸಿದ್ದರು. ಅವಳು ಒಂದು ಹಿಡಿಯಾಗಿ ಹೋದಳು. ಮಕ್ಕಳಿಗೆ ಅವಳು ಹೇಳುತ್ತಿದ್ದ 'ಬರೀ ಮೂಳೆ' ಅನ್ನುವ ಮಾತು ಅವಳ ಮೈಗೇ ಬಂದು ಕೂತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಅಳು ತಡೆಯಲಾಗುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸೀತ ಬಂದಳು. ಒಂದು ಎಲೆದೊನ್ನೆಯಲ್ಲಿ ಜೇನು, ಜೊತೆಗೆ ಕೇತನ್. ದಷ್ಟಪುಷ್ಟ ಹುಡುಗ, ಬಾಗಿಲ ಹೊಸ್ತಿಲ ಮೇಲೆ ಹಾರಿ ಕುಣಿಯುತ್ತಿದ್ದ. ಅಮ್ಮಾಳಕ್ಕ ಚಾಪೆಯಿಂದ ತಲೆಯೆತ್ತಿ ಅವನನ್ನು ನೋಡಿದಳು. "ಬಂದ್ಯಾ ಇಲಿಮರಿ" ಅಂದಳು. ಧ್ವನಿಯೇ ಬರಲಿಲ್ಲ, ತುಟಿ ಮಾತ್ರ ಆಡಿತು. ಸೀತ ಅವಳ ಕಾಲ ಹತ್ತಿರ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಮ್ಮಾಳಕ್ಕ ಸ್ವಲ್ಪ ಹೊತ್ತು ಸೀತಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಯಶೋದಾ, ಮಗೂನ ಹೊರಗೆ ಕರ್ಕೊಂಡು ಹೋಗು. ಕಿವಿಗೆ ಬೀಳ್ದಷ್ಟು ದೂರ ಕಳ್ಸು."

ನಾನು ಕೇತನ್ ಕೈಗೆ ಒಂದು ಬಾಳೆಹಣ್ಣು ಕೊಟ್ಟು ರಸ್ತೆಯ ಆಚೆ, ಸುಕುಮಾರನ್ ಹತ್ತಿರ ಬಿಟ್ಟು ಬಂದೆ. ಬಾಗಿಲು ಹಾಕು ಅಂದಳು, ಹಾಕಿದೆ. ಅವಳು ಸೀತಳ ಕೈ ಹಿಡಿದುಕೊಂಡಳು.

"ಅವತ್ತು ನಾನು ಹೇಳೋಕೆ ಬಿಡ್ಲಿಲ್ಲ. ಈಗ ಹೇಳೇ."

ಸೀತ ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಶುರುಮಾಡಿದಳು. "ಅಕ್ಕಾ, ನನ್ ಮಗ ನಿನ್ ಕೈಲಿ ಚಂದಾಗಿ ಬೆಳ್ದ. ನೀನ್ ಕೊಟ್ಟಿದ್ದೆಲ್ಲ ತಿಂತಿದ್ದ. ಸಂಜೆ ನಾನ್ ಬಂದ್ರೆ ನಿನ್ ಬಿಟ್ಟು ನನ್ ಹತ್ರ ಬರಾಕೆ ಅಳ್ತಿದ್ದ. ಎಲ್ಲ ಮಕ್ಳೂ ಚಂದಾಗಿದ್ವು ಅಕ್ಕಾ. ಒಂದೂ ಬಡಕಲಿರ್ಲಿಲ್ಲ. ನಿನ್ನಂಗೆ ಯಾರೂ ನೋಡ್ಕೊಳ್ಳಾಕಿಲ್ಲ." ಅಮ್ಮಾಳಕ್ಕ ಕಣ್ಣು ಮುಚ್ಚಿಕೊಂಡು, ಹಸಿದವರು ಉಣ್ಣುವ ಹಾಗೆ ಕೇಳುತ್ತಿದ್ದಳು. ಸೀತ ನಿಲ್ಲಿಸಿದಾಗ ಬೆರಳಿನಿಂದ ಅವಳ ಕೈ ತಟ್ಟಿದಳು, ಇನ್ನೂ ಹೇಳು ಅನ್ನುವ ಹಾಗೆ. ಸೀತ ಮತ್ತೆ ಮೊದಲಿನಿಂದ ಹೇಳಿದಳು.

ಎಲ್ಲ ಮುಗಿದ ಮೇಲೆ ಅಮ್ಮಾಳಕ್ಕ ಕಣ್ಣು ಬಿಟ್ಟಳು. ಗಾಬರಿ ಬಂದುಬಿಟ್ಟಿತ್ತು ಆ ಕಣ್ಣಿಗೆ.

"ಯಶೋದಾ, ಬೇಗ. ಮಗೂನ ಕರ್ಕೊಂಡು ಬಾ. ಉಪ್ಪು, ಒಣಮೆಣಸಿನಕಾಯಿ ತಗೊಂಡು ನೀವಾಳಿಸಿ ಒಲೆಗೆ ಹಾಕು."

ನಾನು ಹಾಗೇ ಮಾಡಿದೆ. ಕೇತನ್‌ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ನೀವಾಳಿಸಿ ಒಲೆಗೆ ಹಾಕಿದೆ. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಅನ್ನುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ. ಆದರೂ ಅವತ್ತು ಒಲೆಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಚಟಪಟ ಅಂತು, ಹೊಗೆ ಎದ್ದಿತು, ಮನೆ ತುಂಬ ಘಾಟು. ಹುಡುಗ ಕೆಮ್ಮಿದ, ಸೀತ ಕೆಮ್ಮಿದಳು, ನಾನು ಕೆಮ್ಮಿದೆ. ಮೂವರ ಕಣ್ಣಲ್ಲೂ ಧಾರಾಕಾರ ನೀರು.

ಒಳಗಿನಿಂದ ಅಮ್ಮಾಳಕ್ಕ ಕೇಳಿದಳು, "ಘಾಟು ಬಂತಾ?"

"ಬಂತಕ್ಕಾ. ಕೆಮ್ಮು ಕೇಳಿಸ್ಲಿಲ್ವಾ?"

"ಹಂಗಾದ್ರೆ ಮಗೂಗೆ ಏನೂ ಆಗಿಲ್ಲ" ಅಂದಳು.

ಅವಳು ಬಿಡಿಸಿ ಆಡಿದ ಕೊನೆಯ ಮಾತು ಅದೇ. ಅದಾದ ಮೇಲೆ ಒಂದು ವಾರವಿದ್ದಳೋ ಏನೋ. ಮಣ್ಣು ಮಾಡಿ ಬಂದ ದಿನ ಟ್ರಂಕನ್ನು ನಾನೇ ತೆರೆದೆ. ಎರಡು ಸೀರೆ, ಕಾಡಿಗೆ ಡಬ್ಬಿ, ಹತ್ತಿಯಲ್ಲಿ ಸುತ್ತಿದ ಒಂದು ಬೆಳ್ಳಿಯ ಉಡಿದಾರ. ಮಗು ಒಂದು ದಿನವೂ ಕಟ್ಟಿಕೊಳ್ಳಲಿಲ್ಲವೇನೋ, ಹೊಸದರಂತೆಯೇ ಇತ್ತು. ಅದನ್ನು ಸೀತಳ ಕೈಗೆ ಕೊಟ್ಟೆ. ಅವಳು ಕೇತನ್‌ನ ಸೊಂಟಕ್ಕೆ ಕಟ್ಟಲು ನೋಡಿದಳು, ಸುತ್ತು ಸಾಲಲಿಲ್ಲ. ನಾವಿಬ್ಬರೂ ಬಾಯಿ ಬಿಡಲಿಲ್ಲ. ನಾನು ಎದ್ದು ಹೋಗಿ ಡಬ್ಬಿ ತಂದು ಅವನ ಕೆನ್ನೆಗೆ ಒಂದು ಬೊಟ್ಟು ಇಟ್ಟೆ.